ಕ್ವೀನ್ಸ್ ಶಾಲೆಯಲ್ಲಿ ಮನೆಭಾಷೆಯ ಆ ಒಂದು ಹಾಳೆ: ನನ್ನ ಅನುಭವ

ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗೆ ಮಗುವನ್ನು ಸೇರಿಸಲು ಬಂದವರಿಗೆ ಮೊದಲು ಕೊಡುವ ಹಾಳೆಗಳಲ್ಲಿ ಮನೆಭಾಷೆಯ ಪ್ರಶ್ನಾವಳಿಯೂ ಒಂದು. ಮಗುವಿಗೆ ಯಾವ ಭಾಷೆ ತಿಳಿಯುತ್ತದೆ, ಯಾವುದರಲ್ಲಿ ಮಾತಾಡುತ್ತದೆ, ಯಾವುದರಲ್ಲಿ ಓದಿ ಬರೆಯುತ್ತದೆ ಎಂದೆಲ್ಲ ಅದರಲ್ಲಿ ಕೇಳಿರುತ್ತಾರೆ. ಇದೇ ನಗರದ ಕ್ವೀನ್ಸ್ ಭಾಗದ ಮಿಡಲ್ ಸ್ಕೂಲಿನಲ್ಲಿ ಇಂಗ್ಲಿಷ್ ಹೊಸದಾಗಿ ಕಲಿಯುವ ಮಕ್ಕಳಿಗೆ ಪಾಠ ಮಾಡುವ ನನ್ನ ಕೆಲಸ ಆ ಹಾಳೆಯಿಂದಲೇ ಶುರು. ಆಮೇಲೆ ಸಂದರ್ಶನ, ಅಗತ್ಯ ಕಂಡರೆ ಇಂಗ್ಲಿಷಿನ ಮಟ್ಟ ಅಳೆಯುವ ನೈಸಿಟೆಲ್ ಎಂಬ ಪರೀಕ್ಷೆ. ಸಾಮಾನ್ಯವಾಗಿ ಶಾಲೆ ನಡೆಯುವ 10 ದಿನಗಳೊಳಗೆ ಎಲ್ಲ ಮುಗಿಯಬೇಕು, ಅದು ರಾಜ್ಯದ ನಿಯಮ.

ನಿಯಮಗಳ ಬಗ್ಗೆ ನನಗೆ ತಕರಾರಿಲ್ಲ. ಅವುಗಳ ಬೇರು ಇರುವುದೇ ಏಷ್ಯನ್ ಮಕ್ಕಳ ಮೊಕದ್ದಮೆಯೊಂದರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮಕ್ಕಳು ಯಾವ ನೆರವೂ ಇಲ್ಲದೆ ತರಗತಿಯಲ್ಲಿ ಕೂತಿದ್ದರು. ಲೌ ವರ್ಸಸ್ ನಿಕೋಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ಹೇಳಿದ್ದಿಷ್ಟು: ಎಲ್ಲರಿಗೂ ಅದೇ ಪುಸ್ತಕ, ಅದೇ ಮೇಷ್ಟ್ರು, ಅದೇ ಪಠ್ಯ ಕೊಟ್ಟ ಮಾತ್ರಕ್ಕೆ ಸಮಾನವಾಗಿ ನಡೆಸಿಕೊಂಡಂತಾಗುವುದಿಲ್ಲ. ಇವತ್ತು ಕ್ವೀನ್ಸ್‌ಗೆ ಬಂದಿಳಿಯುವ ಮಗುವಿಗೆ ಆರಂಭದ ಹಂತದಲ್ಲಿ ವಾರಕ್ಕೆ 360 ನಿಮಿಷ ಇಂಗ್ಲಿಷ್ ನೆರವು ಸಿಗುತ್ತಿದ್ದರೆ, ಅದರ ಹಿಂದೆ ಆ ತೀರ್ಪು ಇದೆ.

ಆದರೂ ಏಷ್ಯನ್ ಮಕ್ಕಳು ಕಣ್ತಪ್ಪಿ ಹೋಗುತ್ತಾರೆ. ಕಾರಣ ಸರಳ: ಅವರು ಗಲಾಟೆ ಮಾಡುವುದಿಲ್ಲ. ಸ್ಟೈವೆಸೆಂಟ್‌ನಂಥ ಪ್ರವೇಶ ಪರೀಕ್ಷೆಯ ಹೈಸ್ಕೂಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸೀಟು ಏಷ್ಯನ್ ಮಕ್ಕಳಿಗೇ ಹೋಗುತ್ತದೆಂಬ ಸುದ್ದಿ ಪ್ರತಿ ವರ್ಷ ಬರುತ್ತದೆ. ಅದನ್ನು ಓದಿದ ಮೇಷ್ಟ್ರುಗಳಿಗೆ, ಮೂಲೆಯಲ್ಲಿ ಸುಮ್ಮನೆ ಕೂತ ಬಾಂಗ್ಲಾದೇಶದ ಸಿಲ್ಹೆಟ್‌ನ ಹುಡುಗನೂ ಹೇಗೋ ನಿಭಾಯಿಸಿಕೊಳ್ಳುತ್ತಾನೆ ಅನ್ನಿಸಿಬಿಡುತ್ತದೆ. ಫ್ಲಶಿಂಗ್‌ನ ಚೀನೀ ಹೋಟೆಲಿನಲ್ಲಿ ಪಾತ್ರೆ ತೊಳೆಯುವವರ ಮಗಳು, ಜಾಕ್ಸನ್ ಹೈಟ್ಸ್‌ನ ಟ್ಯಾಕ್ಸಿ ಚಾಲಕರ ಮಗ, ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದ ನಮ್ಮವರ ಮಕ್ಕಳು, ಎಲ್ಲರೂ ಲೆಕ್ಕಪತ್ರದಲ್ಲಿ ‘ಏಷ್ಯನ್’ ಅನ್ನುವ ಒಂದೇ ಕಂಬಸಾಲಿಗೆ ಬೀಳುತ್ತಾರೆ.

ಬಾಂಗ್ಲಾದೇಶದಿಂದ ಬಂದ ಒಬ್ಬ ಹುಡುಗನ ವಿಚಾರ ಹೇಳುತ್ತೇನೆ. ಗಣಿತದಲ್ಲಿ ತೀರಾ ಹಿಂದೆ, ವಿಶೇಷ ಶಿಕ್ಷಣಕ್ಕೆ ಪರೀಕ್ಷೆ ಮಾಡಿಸಿ ಎಂದು ಚೀಟಿ ಬಂದಿತ್ತು. ನೋಟ್‌ಬುಕ್ ತರಿಸಿಕೊಂಡೆ. ಭಾಗಾಕಾರವನ್ನು ನಾವು ಊರಲ್ಲಿ ಕಲಿತ ಹಾಗೇ ಮಾಡಿದ್ದ: ಭಾಜಕ ಎಡಕ್ಕೆ, ಭಾಗಲಬ್ಧ ಬಲಕ್ಕೆ. ಇಲ್ಲಿ ಭಾಗಲಬ್ಧವನ್ನು ಗೆರೆಯ ಮೇಲೆ ಬರೆಯುತ್ತಾರೆ. ಮೇಷ್ಟ್ರು ಮೇಲೆ ಹುಡುಕಿದ್ದಾರೆ, ಸಿಕ್ಕಿಲ್ಲ. ಸಾಲದ್ದಕ್ಕೆ ಬಂಗಾಳಿ ನಾಲ್ಕು ನೋಡಲು ಇಂಗ್ಲಿಷಿನ ಎಂಟರಂತೆ, ಬಂಗಾಳಿ ಏಳು ಒಂಬತ್ತರಂತೆ. ಪ್ರಶ್ನೆಪತ್ರಿಕೆಯಲ್ಲಿ 8 ಕಂಡಾಗ ಅವಸರದಲ್ಲಿ ಅದನ್ನು ನಾಲ್ಕು ಎಂದು ಓದಿಕೊಂಡು, ಆ ನಾಲ್ಕಕ್ಕೆ ಸರಿಯಾದ ಉತ್ತರವನ್ನೇ ಬರೆದಿದ್ದ. ಅವೇ ಲೆಕ್ಕಗಳನ್ನು ಬಂಗಾಳಿ ಅಂಕಿಯಲ್ಲಿ ಬರೆದು ಅವನ ಮುಂದಿಟ್ಟೆ. ಎಲ್ಲೂ ತಡವರಿಸದೆ ಮುಗಿಸಿದ. ಆ ಹಾಳೆಯನ್ನೇ ಮೇಷ್ಟ್ರ ಮೇಜಿನ ಮೇಲಿಟ್ಟೆ, ವಿಶೇಷ ಶಿಕ್ಷಣದ ಮಾತು ಅಲ್ಲಿಗೆ ನಿಂತಿತು.

ಅಂದಿನಿಂದ ಸಂದರ್ಶನದಲ್ಲಿ ಇಂಗ್ಲಿಷ್ ಕೊನೆಗೆ. ಮೊದಲು ಮಗು ತನ್ನ ಭಾಷೆಯಲ್ಲಿ ಓದಬೇಕು, ನಾಲ್ಕು ಸಾಲು ಬರೆಯಬೇಕು, ತನ್ನ ಅಂಕಿಯಲ್ಲಿ ಲೆಕ್ಕ ಮಾಡಬೇಕು. ಆ ಲಿಪಿ ನನಗೆ ಬಾರದಿದ್ದರೂ ಕೈ ಓಡುವ ವೇಗ ಕಾಣುತ್ತದಲ್ಲ. ಶಾಲೆ ಬಿಟ್ಟು ವರ್ಷಗಳೇ ಆದ ಮಗುವಿಗೂ ಇಂಗ್ಲಿಷ್ ಮಾತ್ರ ಬಾರದ ಮಗುವಿಗೂ ಬೇಕಾದ ಪಾಠ ಬೇರೆ ಬೇರೆ.

ಅಪ್ಪ ಅಮ್ಮನ ಜೊತೆ ಮಾತಾಡಲು ಫೋನಿನಲ್ಲಿ ದುಭಾಷಿ ಸಿಗುತ್ತಾರೆ, ಪುಕ್ಕಟೆ. ಮಗುವಿನ ಓದು, ನಡತೆಯ ಮಾತು ಬಂದಾಗ ಮಕ್ಕಳಿಂದ ಅನುವಾದ ಮಾಡಿಸಕೂಡದು ಎಂದು ನಗರದ ನಿಯಮವೇ ಇದೆ. ಆದರೂ ಬೆಳಗಿನ ಗಡಿಬಿಡಿಯಲ್ಲಿ ಎಷ್ಟೋ ಕಡೆ ಅಕ್ಕನನ್ನೋ ಅಣ್ಣನನ್ನೋ ತರಗತಿಯಿಂದ ಕರೆಸಿಬಿಡುತ್ತಾರೆ. ನಾನು ಫೋನನ್ನು ಸ್ಪೀಕರ್‌ಗೆ ಹಾಕಿ ಮೇಜಿನ ನಡುವೆ ಇಡುತ್ತೇನೆ, ಫೋನನ್ನು ನೋಡದೆ ತಾಯಿಯನ್ನೇ ನೋಡಿ ಮಾತಾಡುತ್ತೇನೆ, ಒಂದು ಸಲಕ್ಕೆ ಒಂದೇ ವಾಕ್ಯ. ‘ಅರ್ಥವಾಯಿತಾ?’ ಎಂದು ಮಾತ್ರ ಕೇಳುವುದಿಲ್ಲ. ನಮ್ಮ ಕಡೆಯ ತಾಯಂದಿರು ಮೇಷ್ಟ್ರ ಎದುರು ಅರ್ಥವಾಗಲಿಲ್ಲ ಅನ್ನುವುದುಂಟೆ? ‘ಮನೆಗೆ ಹೋಗಿ ಯಜಮಾನರಿಗೆ ಏನು ಹೇಳುತ್ತೀರಿ?’ ಎಂದರೆ ಯಾವುದು ತಲುಪಿದೆ, ಯಾವುದಿಲ್ಲ ಎಲ್ಲ ಹೊರಬರುತ್ತದೆ.

ಕನ್ನಡದವರೂ ಆಗೀಗ ಬರುತ್ತಾರೆ. ಒಮ್ಮೆ ಒಬ್ಬ ತಂದೆ ಹಾಳೆಯ ಎಲ್ಲ ಕಡೆ ‘ಇಂಗ್ಲಿಷ್’ ಎಂದು ತುಂಬಿ ಕೊಟ್ಟರು.

“ಸರ್, ಮನೇಲಿ ಪಾಪು ಅಜ್ಜಿ ಹತ್ರ ಯಾವ ಭಾಷೇಲಿ ಮಾತಾಡುತ್ತೆ?” ಅಂದೆ ಕನ್ನಡದಲ್ಲೇ.

ಅವರು ಬೆಚ್ಚಿದರು. “ಅಯ್ಯೋ, ನೀವು ನಮ್ಮವರಾ ಮೇಡಂ? ಕನ್ನಡಾನೇ. ಆದ್ರೆ ಹಾಗೆ ಬರೆದ್ರೆ ದಡ್ಡರ ಕ್ಲಾಸಿಗೆ ಹಾಕ್ತಾರೆ ಅಂತ ಯಾರೋ ಹೇಳಿದ್ರು.”

ಆ ‘ಯಾರೋ’ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಬಹಳ ಜನ ಇದ್ದಾರೆ. ಎಲ್ಲ ಕಡೆ ಇಂಗ್ಲಿಷ್ ಎಂದು ಬರೆದರೆ ಮಗುವಿಗೆ ಪರೀಕ್ಷೆಯೇ ಆಗದೆ ಹೋಗಬಹುದು. ಊರಿನ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಮಗು ಪುಸ್ತಕ ಸರಾಗವಾಗಿ ಓದುತ್ತದೆ ನಿಜ, ಇಲ್ಲಿನ ಮಕ್ಕಳ ವೇಗದ ಮಾತು ಅದರ ಕಿವಿಗೆ ಹಿಡಿಯಲು ಸಮಯ ಬೇಕು. ನೆರವು ಪಡೆಯುವ ಮಗುವಿಗೆ ರಾಜ್ಯದ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯ ಉಂಟು. ಭಾಷೆಯ ಮಟ್ಟವನ್ನು ಪ್ರತಿ ವಸಂತದಲ್ಲೂ ಅಳೆಯುತ್ತಾರೆ, ದಾಟಿದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ದಡ್ಡರ ಕ್ಲಾಸೂ ಇಲ್ಲ, ಬಾಗಿಲಿಗೆ ಬೀಗವೂ ಇಲ್ಲ.

ಬಂಗಾಳಿ, ಉರ್ದು, ಚೀನೀ, ಕೊರಿಯನ್ ಮನೆಗಳಿಗೆ ಶಾಲೆಯ ಮುಖ್ಯ ಪತ್ರಗಳು ಅವರವರ ಭಾಷೆಯಲ್ಲೇ ಹೋಗುತ್ತವೆ. ಕನ್ನಡ ಆ ಪಟ್ಟಿಯಲ್ಲಿಲ್ಲ, ಆದರೆ ಫೋನಿನ ದುಭಾಷಿಯನ್ನು ಕೇಳುವುದಕ್ಕೆ ಅಡ್ಡಿಯಿಲ್ಲ. ಇಂಗ್ಲಿಷ್ ಚೆನ್ನಾಗಿ ಬರುವ ತಂದೆ ಊರಿಗೆ ಹೋಗಿ, ಅಜ್ಜಿಯೇ ಶಾಲೆಗೆ ಬರಬೇಕಾದಾಗ ಇದು ನೆನಪಿರಲಿ. ಮಗುವನ್ನು ತಪ್ಪು ಗುಂಪಿಗೆ ಸೇರಿಸಿದ್ದಾರೆ ಅನ್ನಿಸಿದರೆ, ದಾಖಲಾದ ಮೇಲೆ ಶಾಲೆ ನಡೆಯುವ 45 ದಿನಗಳೊಳಗೆ ಮರುಪರಿಶೀಲನೆ ಕೇಳಬಹುದು, ಬರವಣಿಗೆಯಲ್ಲಿ.