ಅವ್ವನ ಬಣ್ಣ ಅವ್ವನದೇ ಆಗಿರಬೇಕಿತ್ತು: ಮನೆಗೆ ಫೋಟೋ ಪ್ರಿಂಟರ್ ತಂದ ನನ್ನ ಅನುಭವ

ಎರಡು ವರ್ಷದ ಹಿಂದೆ ದೀಪಾವಳಿಗೆ ಊರಿಗೆ ಹೋದಾಗ ಅವ್ವನ ಒಂದು ಫೋಟೋ ತೆಗೆದಿದ್ದೆ. ಮನೆ ಮುಂದಿನ ಕಟ್ಟೆ ಮೇಲೆ ಕೂತು ಚೆಂಡು ಹೂವಿನ ಸರ ಮಾಡುತ್ತಿದ್ದಳು. ಬೆಳಗಿನ ಓರೆ ಬಿಸಿಲು. ಕ್ಯಾಮೆರಾ ಕಡೆ ನೋಡಿರಲಿಲ್ಲ. ನಾನು ತೆಗೆದ ಫೋಟೋಗಳಲ್ಲೆಲ್ಲ ನನಗೆ ಜಾಸ್ತಿ ಇಷ್ಟವಾದದ್ದು ಅದೇ. ದಾವಣಗೆರೆಗೆ ಬಂದು ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ, ಸಂಕ್ರಾಂತಿಗೆ ತಗೊಂಡು ಹೋಗಿ ಕೊಟ್ಟೆ. ಅವ್ವ ಎರಡೂ ಕೈಯಲ್ಲಿ ಹಿಡಿದು ನೋಡಿದಳು. "ಇದ್ಯಾರೋ ಇದು? ಸುಣ್ಣ ಬಳಿದಂಗೆ ಐತೆ. ನಾನಲ್ಲ ಬಿಡೋ" ಅಂದಳು.

ಅವಳು ಹೇಳಿದ್ದು ನಿಜ. ಪ್ರಿಂಟ್ ಹಾಕಿದವರು ಮುಖ ಬೆಳ್ಳಗೆ ಮಾಡಿದ್ದರು, ಕೆನ್ನೆಯ ಸುಕ್ಕು ನುಣುಪು ಮಾಡಿದ್ದರು. ಬಹಳ ಜನ ಹಾಗೇ ಕೇಳುತ್ತಾರೆ, ಅವರೂ ರೂಢಿಯಂತೆ ಮಾಡಿದ್ದಾರೆ. ಆದರೆ ಜೀವಮಾನವೆಲ್ಲ ಹೊಲದಲ್ಲಿ ದುಡಿದವಳ ಮುಖದ ಬಣ್ಣ ಅದಲ್ಲ. ಮನೆಯಲ್ಲೇ ಪ್ರಿಂಟ್ ಹಾಕಬೇಕು ಅನ್ನೋ ಯೋಚನೆ ಶುರುವಾದದ್ದು ಅವತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ರಜೆ ಸಿಕ್ಕಾಗ ಕ್ಯಾಮೆರಾ ಹಿಡಿದು ಸುತ್ತುತ್ತೇನೆ. ಪ್ರಿಂಟರ್ ಬಗ್ಗೆ ವಿಚಾರಿಸಿದಾಗ ಒಬ್ಬೊಬ್ಬರು ಒಂದೊಂದು ಹೇಳಿದರು. ಡಿಪಿಐ (ಒಂದು ಇಂಚಿನಲ್ಲಿ ಹಾಕುವ ಚುಕ್ಕಿ) ಎಷ್ಟು, ಸ್ಪೀಡ್ ಎಷ್ಟು, ವೈಫೈ ಇದೆಯಾ, ಇದೇ ಮಾತು. ಡಬ್ಬದ ಮೇಲಿನ 5760 ಡಿಪಿಐ ನೋಡಿ ನನಗೇನೂ ಗೊತ್ತಾಗಲಿಲ್ಲ. ಕೊನೆಗೆ ಮೇಷ್ಟ್ರ ಬುದ್ಧಿಯೇ ಕೆಲಸಕ್ಕೆ ಬಂತು. ಪ್ರಿಂಟರ್‌ಗಳಿಗೆಲ್ಲ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ನೋಡೋಣ ಅಂದುಕೊಂಡೆ.

ಒಂದು ಎ4 ಹಾಳೆಯಲ್ಲಿ ನನ್ನದೇ ನಾಲ್ಕು ಫೋಟೋ ಜೋಡಿಸಿದೆ. ಮೊದಲನೆಯದು ಅವ್ವನ ಮುಖ, ಕಪ್ಪು ಮೈಬಣ್ಣ ಸರಿಯಾಗಿ ಬರುತ್ತದಾ ನೋಡೋಕೆ. ಎರಡನೆಯದು ನಮ್ಮೂರಿನ ಮಂಡಕ್ಕಿ ಭಟ್ಟಿಯ ಒಳಗಡೆ ತೆಗೆದದ್ದು. ಒಲೆಯ ಬೆಂಕಿ ಬಿಟ್ಟರೆ ಉಳಿದದ್ದೆಲ್ಲ ಕತ್ತಲು. ಆ ಕತ್ತಲಲ್ಲಿ ಮೂಟೆ, ಗೋಡೆ, ಕೆಲಸದವರ ಬೆನ್ನು ಕಾಣಬೇಕು, ಎಲ್ಲಾ ಕಲಸಿ ಮಸಿಯಾಗಬಾರದು. ಮೂರನೆಯದು ಚಿತ್ರದುರ್ಗದ ಕೋಟೆಯ ಬಂಡೆಗಳು. ಇದು ಸುಲಭ ಅನ್ನಿಸಬಹುದು, ನಿಜಕ್ಕೂ ಕಷ್ಟದ್ದು ಇದೇ. ಬೂದು ಬಣ್ಣಕ್ಕೆ ಸ್ವಲ್ಪ ಹಸಿರೋ ನೇರಳೆಯೋ ಹತ್ತಿದರೂ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ. ನಾಲ್ಕನೆಯದು ಸಂತೇಬೆನ್ನೂರಿನ ಪುಷ್ಕರಣಿ, ಸಂಜೆ ಹೊತ್ತು. ನಡುವಿನ ಮಂಟಪದ ಹಿಂದೆ ಆಕಾಶ ಕಿತ್ತಳೆಯಿಂದ ನೀಲಿಗೆ ಮೆಲ್ಲಗೆ ತಿರುಗುತ್ತದೆ. ಕಳಪೆ ಪ್ರಿಂಟ್ ಆದರೆ ಅಲ್ಲಿ ಪಟ್ಟೆ ಪಟ್ಟೆ ಬೀಳುತ್ತದೆ. ಪೆನ್‌ಡ್ರೈವ್‌ನಲ್ಲಿ ಆ ಒಂದು ಫೈಲ್, ಚೀಲದಲ್ಲಿ ಒಳ್ಳೆಯ ಫೋಟೋ ಪೇಪರ್. ಎರಡನ್ನೂ ಹಿಡಿದುಕೊಂಡು ಒಂದು ತಿಂಗಳು ಓಡಾಡಿದೆ.

ನೆಂಟರ ಆಫೀಸಿನ ಕಲರ್ ಲೇಸರ್‌ನಲ್ಲಿ ಸಾದಾ ಹಾಳೆ ಮೇಲೆ ತೆಗೆದೆ. ಅಕ್ಷರಕ್ಕೆ ಅದರಷ್ಟು ಚೆಂದ ಇನ್ನೊಂದಿಲ್ಲ. ಫೋಟೋಗಲ್ಲ. ಆಕಾಶ ಪಟ್ಟೆಯಾಯಿತು, ಅವ್ವನ ಮುಖದ ಮೇಲೆ ಮೇಣ ಸವರಿದ ಹಾಗೆ ಹೊಳಪು. ಒಂದು ಮಾತು ನೆನಪಿರಲಿ: ಇಂಕ್‌ಜೆಟ್‌ನ (ದ್ರವ ಇಂಕಿನ ಹನಿ ಚಿಮ್ಮುವ ಪ್ರಿಂಟರ್‌ನ) ಫೋಟೋ ಪೇಪರನ್ನು ಲೇಸರ್‌ಗೆ ಹಾಕಲೇಬೇಡಿ. ಲೇಸರ್ ಒಳಗೆ ಟೋನರ್ ಅನ್ನೋ ಬಣ್ಣದ ಪುಡಿ ಕರಗಿಸಲು ಬಿಸಿ ರೋಲರ್ ಇರುತ್ತದೆ. ಪೇಪರ್ ಮೇಲಿನ ಲೇಪ ಅದಕ್ಕೇ ಮೆತ್ತಿಕೊಂಡು ಮೆಷಿನ್ ಕೆಡಬಹುದು.

ಆಮೇಲೆ ಸಹೋದ್ಯೋಗಿಯೊಬ್ಬರ ಮನೆಯ ನಾಲ್ಕು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್, ಬಾಟಲಿಯಿಂದ ಇಂಕು ತುಂಬುವಂಥದ್ದು. ಮಕ್ಕಳ ಪ್ರಾಜೆಕ್ಟ್, ಜೆರಾಕ್ಸ್, ಸ್ಕ್ಯಾನ್ ಎಲ್ಲಕ್ಕೂ ಅದೇ. ಒಳ್ಳೆ ಪೇಪರ್ ಹಾಕಿದ ಮೇಲೆ ಬಂದ ಪ್ರಿಂಟ್ ನೋಡಿ, ಇಷ್ಟೇ ಸಾಕಲ್ವಾ ಅನ್ನಿಸಿತು. ಮನೆಗೆ ತಂದು ಶಾಲೆಯ ಭೂತಗನ್ನಡಿ ಇಟ್ಟು ನೋಡಿದೆ. ಅವ್ವನ ಕೆನ್ನೆಯಲ್ಲಿ ಬಿಸಿಲು ಬಿದ್ದ ಜಾಗದಲ್ಲಿ ಗುಲಾಬಿ ಚುಕ್ಕಿಗಳು, ರವೆ ಚೆಲ್ಲಿದ ಹಾಗೆ. ಒಮ್ಮೆ ಕಂಡ ಮೇಲೆ ಕನ್ನಡಿ ತೆಗೆದರೂ ಕಾಣತೊಡಗಿತು.

ಅದಕ್ಕೆ ಕಾರಣ ಸರಳ. ನಾಲ್ಕು ಬಣ್ಣದ ಪ್ರಿಂಟರ್‌ಗೆ ತಿಳಿ ಬಣ್ಣ ಅಂತ ಬೇರೆ ಇರುವುದಿಲ್ಲ. ತಿಳಿ ಗುಲಾಬಿ ಬೇಕಾದರೆ ಗಾಢ ಮೆಜೆಂಟಾದ, ಅಂದರೆ ಕಡು ಗುಲಾಬಿ ಇಂಕಿನ, ಹನಿಗಳನ್ನೇ ದೂರ ದೂರ ಹಾಕುತ್ತದೆ, ನಡುವೆ ಬಿಳಿ ಕಾಗದ ಬಿಡುತ್ತದೆ. ಹನಿ ಗಾಢವಾಗಿದ್ದು ವಿರಳವಾಗಿದ್ದರೆ ಕಣ್ಣಿಗೆ ಚುಕ್ಕಿಯಾಗಿ ಸಿಗುತ್ತದೆ. ಆರು ಬಣ್ಣದ ಕೆಲವು ಪ್ರಿಂಟರ್‌ಗಳಲ್ಲಿ ತಿಳಿ ಮೆಜೆಂಟಾ, ತಿಳಿ ಸಯಾನ್ (ಹಸಿರು ಛಾಯೆಯ ನೀಲಿ) ಬೇರೆ ಬಾಟಲಿಯಲ್ಲೇ ಬರುತ್ತವೆ. ತಿಳಿ ಇಂಕಾದ್ದರಿಂದ ಹನಿಗಳನ್ನು ಒತ್ತಾಗಿ ಹಾಕಬಹುದು. ಕೆನ್ನೆ ಕೆನ್ನೆಯ ಹಾಗೇ ಕಾಣುತ್ತದೆ. ಹೀಗಾಗಿ ಡಿಪಿಐ ಲೆಕ್ಕಕ್ಕಿಂತ ಎಷ್ಟು ಬಣ್ಣದ ಇಂಕು, ಯಾವ್ಯಾವ ಬಣ್ಣ ಅಂತ ಮೊದಲು ಕೇಳಿ.

ಮನೆಗೆ ಎಟುಕುವ ಆರು ಬಣ್ಣದ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ನನ್ನ ಮುಂದೆ ಎರಡು ಉಳಿದವು. ಎಪ್ಸನ್ ಎಲ್8050ರಲ್ಲಿ ಮಾಮೂಲಿ ನಾಲ್ಕು ಬಣ್ಣದ (ಕಪ್ಪು, ಸಯಾನ್, ಮೆಜೆಂಟಾ, ಹಳದಿ) ಜೊತೆ ತಿಳಿ ಸಯಾನ್, ತಿಳಿ ಮೆಜೆಂಟಾ. ಕ್ಯಾನನ್ ಜಿ570ರಲ್ಲಿ ಅವುಗಳ ಬದಲು ಕೆಂಪು ಮತ್ತು ಬೂದು. ಬೂದು ಇಂಕು ಇರುವುದರಿಂದ ಬಂಡೆಯಂಥ ಬಣ್ಣಕ್ಕೆ, ಕಪ್ಪು ಬಿಳುಪು ಫೋಟೋಕ್ಕೆ ಅದು ಅನುಕೂಲ. ಕೋಟೆಯೇ ನನ್ನ ಮುಖ್ಯ ವಿಷಯ ಆಗಿದ್ದರೆ ಬಹುಶಃ ಅದನ್ನೇ ತರುತ್ತಿದ್ದೆ. ಆದರೆ ನಾನು ಪ್ರಿಂಟ್ ಹಾಕುವುದು ಹತ್ತಕ್ಕೆ ಎಂಟು ಜನರ ಮುಖ. ಸ್ನೇಹಿತರೊಬ್ಬರ ಹತ್ತಿರ ಎಲ್8050 ಇತ್ತು, ನನ್ನ ನಾಲ್ಕು ಫೋಟೋದ ಹಾಳೆಯನ್ನು ಅದರಲ್ಲಿ ತೆಗೆದು ನೋಡಿದ್ದೆ. ಅವ್ವನ ಮುಖದ ಬಣ್ಣ ಮೊದಲ ಪ್ರಿಂಟಿನಲ್ಲೇ ಬಂದಿತ್ತು. ಎಲ್8050 ತಂದೆ. ಅದರಲ್ಲಿ ಸ್ಕ್ಯಾನರ್ ಇಲ್ಲ ಅನ್ನುವುದು ಗೊತ್ತಿರಲಿ. ಜೆರಾಕ್ಸ್‌ಗೆ ನಾವು ಈಗಲೂ ಬೀದಿ ಕೊನೆಯ ಅಂಗಡಿಗೇ ಹೋಗುತ್ತೇವೆ.

ಬರೀ 4×6 ಸೈಜಿನ ಫೋಟೋ ಸಾಕು, ತಲೆನೋವು ಬೇಡ ಅನ್ನುವವರಿಗೆ ಕ್ಯಾನನ್ ಸೆಲ್ಫಿ ಸಿಪಿ1500 ಅಂತ ಒಂದು ಪುಟ್ಟ ಮೆಷಿನ್ ಇದೆ. ನನ್ನ ತಂಗಿ ಮನೆಯಲ್ಲಿ ಇರುವುದು ಅದೇ. ಅದರಲ್ಲಿ ದ್ರವ ಇಂಕೇ ಇಲ್ಲ. ರಿಬ್ಬನ್‌ನಲ್ಲಿರುವ ಬಣ್ಣ ಬಿಸಿಯಾಗಿ ಕಾಗದಕ್ಕೆ ಇಳಿಯುತ್ತದೆ. ಕಾಗದ ನಾಲ್ಕು ಸಲ ಒಳಗೆ ಹೊರಗೆ ಓಡಾಡುತ್ತದೆ: ಮೊದಲು ಹಳದಿ, ಆಮೇಲೆ ಗುಲಾಬಿ, ಆಮೇಲೆ ನೀಲಿ, ಕೊನೆಗೆ ಒಂದು ಪಾರದರ್ಶಕ ಪದರ. ತಂಗಿಯ ಮಗಳು ಪ್ರತಿ ಸಲ ಅದರ ಮುಂದೆ ಕೂತು ನೋಡುತ್ತಾಳೆ. ಆ ಪದರದಿಂದ ಫೋಟೋಗೆ ನೀರಿನ ಹನಿ, ಬೆರಳಚ್ಚು ತಾಗುವುದಿಲ್ಲ. ತಿಂಗಳುಗಟ್ಟಲೆ ಸುಮ್ನೆ ಇಟ್ಟರೂ ಇಂಕು ಒಣಗುವ ಮಾತಿಲ್ಲ. ಆದರೆ ಕಾಗದ, ರಿಬ್ಬನ್ ಒಟ್ಟಿಗೇ ಕೊಳ್ಳಬೇಕು, ಅವರದೇ ಆಗಬೇಕು. ದೊಡ್ಡ ಸೈಜ್ ಬರುವುದಿಲ್ಲ.

ಇನ್ನು ಪೇಪರ್. ಪ್ರಿಂಟರ್ ಆರಿಸಲು ನಾನು ಪಟ್ಟ ಶ್ರಮದಲ್ಲಿ ಅರ್ಧವನ್ನಾದರೂ ಪೇಪರ್‌ಗೆ ಪಟ್ಟಿದ್ದರೆ ಮೊದಲ ಎರಡು ತಿಂಗಳು ಹಾಳಾಗುತ್ತಿರಲಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ 180 ಜಿಎಸ್‌ಎಮ್‌ನ ಒಂದು ಕಟ್ಟು ತಂದಿದ್ದೆ. ಮೇಲೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪ್ರಿಂಟ್ ಹಾಕಿದ ಮೇಲೆ ಹಪ್ಪಳದ ಹಾಗೆ ಸುರುಳಿ. ಕೋಟೆಯ ಬಂಡೆಗೆ ಹಸಿರು ಹತ್ತಿತು. ಪ್ರಿಂಟರೇ ಸರಿಯಿಲ್ಲ ಅಂದುಕೊಂಡು ಬಣ್ಣದ ಸೆಟ್ಟಿಂಗ್ ತಿರುಗಿಸಿ ತಿರುಗಿಸಿ ಇನ್ನಷ್ಟು ಕೆಡಿಸಿದೆ. ಬೇರೆ ಪೇಪರ್ ಹಾಕಿ, ಸೆಟ್ಟಿಂಗ್ ಎಲ್ಲಾ ಮೊದಲಿನಂತೆ ಮಾಡಿದ ತಕ್ಷಣ ಹಸಿರು ಹೋಯಿತು.

ಜಿಎಸ್‌ಎಮ್ ಅಂದರೆ ಪೇಪರಿನ ತೂಕ ಅಷ್ಟೇ, ಗುಣ ಅಲ್ಲ. ನಾನೀಗ ಪೇಪರ್ ತರುವ ಮೊದಲು ಸ್ಯಾಂಪಲ್ ಕೇಳಿ ಅದರ ಬೆನ್ನು ಮುಟ್ಟಿ ನೋಡುತ್ತೇನೆ. ಸಾದಾ ಕಾಗದದ ಹಾಗೆ ಒರಟಾಗಿದ್ದರೆ ಅದು ಕಾಗದದ ಮೇಲೆ ನೇರ ಲೇಪ ಕೊಟ್ಟದ್ದು. ಎರಡೂ ಕಡೆ ನುಣುಪಾಗಿ, ಪ್ಲಾಸ್ಟಿಕ್ ಮುಟ್ಟಿದಂತೆ ಇದ್ದರೆ ಅದು ಆರ್‌ಸಿ, ಅಂದರೆ ರೆಸಿನ್ ಕೋಟೆಡ್ ಪೇಪರ್. ಮೂಲೆ ಹರಿದರೆ ತೆಳು ಪ್ಲಾಸ್ಟಿಕ್ ಪದರ ಎಳೆದುಕೊಂಡು ಬರುತ್ತದೆ. ಸ್ಟುಡಿಯೋ ಫೋಟೋ ಕೈಯಲ್ಲಿ ಹಿಡಿದಾಗ ಸಿಗುವ ಗಟ್ಟಿತನ ಇದರಿಂದಲೇ. ಸುಲಭಕ್ಕೆ ಸುರುಳಿಯಾಗುವುದಿಲ್ಲ. ನಾನು 260ರಿಂದ 270 ಜಿಎಸ್‌ಎಮ್‌ನ ಆರ್‌ಸಿ ಪೇಪರನ್ನೇ ಬಳಸುತ್ತೇನೆ. ಟ್ಯಾಂಕ್ ಪ್ರಿಂಟರ್‌ನಲ್ಲಿ ಇಂಕಿಗಿಂತ ಪೇಪರ್‌ದೇ ಖರ್ಚು ಜಾಸ್ತಿ. ಕೈ ಬಿಗಿ ಹಿಡಿಯುವುದಾದರೆ ಬೇರೆಲ್ಲಾದರೂ ಹಿಡಿಯಿರಿ.

ಕಂಪ್ಯೂಟರ್‌ನಲ್ಲಿ ಪ್ರಿಂಟ್ ಕೊಡುವಾಗ ಪೇಪರ್ ಯಾವುದು ಅಂತ ಹೇಳುವ ಜಾಗ ಇರುತ್ತದೆ. ಅಲ್ಲಿ ಪ್ಲೇನ್ ಪೇಪರ್ ಅಂತ ಬಿಟ್ಟು ಗ್ಲಾಸಿ ಪೇಪರ್ ಹಾಕಿದರೆ ಎಂಥ ಪ್ರಿಂಟರೂ ಮಂಕು ಫೋಟೋ ಕೊಡುತ್ತದೆ. ಎಷ್ಟು ಇಂಕು ಹಾಕಬೇಕು ಅನ್ನುವುದನ್ನು ಪ್ರಿಂಟರ್ ಆ ಒಂದು ಮಾತಿನಿಂದಲೇ ತಿಳಿಯುತ್ತದೆ.

ಸ್ಕ್ರೀನಿನಲ್ಲಿ ಚೆನ್ನಾಗಿದ್ದದ್ದು ಕಾಗದದಲ್ಲಿ ಕಪ್ಪಗೆ ಬರುತ್ತದೆ ಅಂತ ಬಹಳ ಜನ ಕೇಳುತ್ತಾರೆ. ನನಗೂ ಮಂಡಕ್ಕಿ ಭಟ್ಟಿ ಫೋಟೋ ಮೂರು ಸಲ ಹಾಗೇ ಬಂತು. ಸ್ಕ್ರೀನಿಗೆ ತನ್ನದೇ ಬೆಳಕಿದೆ, ಕಾಗದಕ್ಕೆ ಇಲ್ಲ. ಈಗ ಫೋಟೋ ತಿದ್ದುವಾಗ ಮಾನಿಟರ್‌ನ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸುತ್ತೇನೆ. ಬಂದ ಪ್ರಿಂಟನ್ನು ರಾತ್ರಿ ಟ್ಯೂಬ್‌ಲೈಟ್ ಕೆಳಗೆ ನೋಡಿ ತೀರ್ಮಾನ ಮಾಡುವುದಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ವೆರಾಂಡದ ನೆರಳಲ್ಲಿ ನೋಡುತ್ತೇನೆ.

ಸೈಜಿನ ಲೆಕ್ಕವೂ ಒಂದಿದೆ. ಒಂದು ಇಂಚಿಗೆ 300 ಪಿಕ್ಸೆಲ್ ಇದ್ದರೆ ಕೈಯಲ್ಲಿ ಹಿಡಿದು ನೋಡುವ ಫೋಟೋಗೆ ಧಾರಾಳ. 4×6ಕ್ಕೆ 1200×1800 ಪಿಕ್ಸೆಲ್ ಸಾಕು, ಎ4ಗೆ ಸುಮಾರು 2480×3508 ಬೇಕು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಬಂದ ಫೋಟೋ 4×6ಕ್ಕೆ ಹೇಗೋ ನಡೆಯುತ್ತದೆ, ಎ4ಗೆ ಮಸುಕಾಗುತ್ತದೆ. ನೆಂಟರಿಗೆ ಫೋಟೋ ಕೇಳುವಾಗ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳುತ್ತೇನೆ, ಆಗ ಮೂಲ ಫೈಲ್ ಕುಗ್ಗದೆ ಬರುತ್ತದೆ. ಇನ್ನೊಂದು, ಮೊಬೈಲ್ ಫೋಟೋ ಸಾಮಾನ್ಯವಾಗಿ 4:3 ಅಳತೆಯದು, 4×6 ಕಾಗದ 3:2. ಅಂಚಿಲ್ಲದೆ ತುಂಬಿಸಿದರೆ ಒಂಬತ್ತರಲ್ಲಿ ಒಂದು ಪಾಲು ಕತ್ತರಿಸಿ ಹೋಗುತ್ತದೆ. ನಮ್ಮ ಮನೆ ಮದುವೆಯ ಗುಂಪು ಫೋಟೋದಲ್ಲಿ ಹಿಂದಿನ ಸಾಲಿನ ದೊಡ್ಡಪ್ಪನ ಪೇಟ ಹೀಗೇ ಹೋಯಿತು. ಎಲ್ಲಿ ಕತ್ತರಿಸಬೇಕು ಅಂತ ನೀವೇ ನೋಡಿ, ಫೋಟೋವನ್ನು ಮೊದಲೇ ಕತ್ತರಿಸಿ ಇಟ್ಟುಕೊಳ್ಳಿ.

ಕಳೆದ ಬೇಸಿಗೆ ರಜೆಯಲ್ಲಿ ಐದು ವಾರ ಊರಲ್ಲಿದ್ದೆ. ದಾವಣಗೆರೆಯ ಏಪ್ರಿಲ್ ಬಿಸಿಲು ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಬಂದು ನಾಝಲ್ ಚೆಕ್ (ಇಂಕು ಬರುವ ಸಣ್ಣ ತೂತುಗಳು ಸರಿಯಿವೆಯಾ ಅಂತ ನೋಡುವ ಗೆರೆಗಳ ಪ್ರಿಂಟ್) ತೆಗೆದರೆ ತಿಳಿ ಮೆಜೆಂಟಾದ ಗೆರೆಗಳಲ್ಲಿ ಅರ್ಧ ಇಲ್ಲ. ಹೋಗುವ ಅವಸರದಲ್ಲಿ ಪ್ರಿಂಟರನ್ನು ಗೋಡೆಯ ಸ್ವಿಚ್‌ನಲ್ಲಿ ಆರಿಸಿದ್ದೆ, ತಪ್ಪು ನನ್ನದೇ. ಪ್ರಿಂಟರ್‌ನ ಗುಂಡಿ ಒತ್ತಿ ಆರಿಸಿದರೆ ಇಂಕು ಚಿಮ್ಮುವ ಭಾಗವಾದ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಳದ ಮೇಲೆ ಕೂರುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಎಲ್ಲಿದೆಯೋ ಅಲ್ಲೇ ನಿಂತು ಗಾಳಿಗೆ ಒಣಗಬಹುದು. ಮೂರು ಸಲ ಹೆಡ್ ಕ್ಲೀನಿಂಗ್ ಕೊಟ್ಟೆ. ಒಂದೊಂದು ಸಲಕ್ಕೂ ಇಂಕು ಹೋಗುತ್ತದೆ, ಮನಸ್ಸಿಗೆ ಕಷ್ಟವೇ. ಒಂದು ರಾತ್ರಿ ಸುಮ್ನೆ ಬಿಟ್ಟು ಬೆಳಿಗ್ಗೆ ಮತ್ತೆ ಕೊಟ್ಟಾಗ ಗೆರೆ ಪೂರ್ತಿ ಬಂದವು. ಈಗ ಪ್ರತಿ ಭಾನುವಾರ ಒಂದು ಸಣ್ಣ ಫೋಟೋವಾದರೂ ತೆಗೆಯುತ್ತೇನೆ. ಕರೆಂಟ್ ಹೋದರೆ ಅಂತ ಯುಪಿಎಸ್‌ಗೆ ಹಾಕಿದ್ದೇನೆ. ದೂಳಿಗೆ ಅವ್ವನ ಹಳೆ ಸೀರೆಯ ಒಂದು ತುಂಡು ಹೊದಿಸಿದ್ದೇನೆ.

ತಿಂಗಳಿಗೆ ಐದೋ ಹತ್ತೋ ಫೋಟೋ ಮಾತ್ರ ಬೇಕಾದವರು ಪ್ರಿಂಟರ್ ತರಬೇಡಿ. ಒಳ್ಳೆಯ ಲ್ಯಾಬ್‌ಗೆ ಹೋಗಿ, "ಕರೆಕ್ಷನ್ ಮಾಡಬೇಡಿ, ಇದ್ದ ಹಾಗೇ ಹಾಕಿ" ಅಂತ ಬಾಯಿಬಿಟ್ಟು ಹೇಳಿ. ನಾನು ಆ ಒಂದು ಮಾತು ಮೊದಲೇ ಹೇಳಿದ್ದರೆ ಅವ್ವನ ಆ ಫೋಟೋ ಸರಿಯಾಗಿ ಬರುತ್ತಿತ್ತೇನೋ.

ಈ ಆರು ಬಣ್ಣದ ಟ್ಯಾಂಕ್ ಪ್ರಿಂಟರ್‌ಗಳ ಇಂಕು ಡೈ ಜಾತಿಯದು, ಅಂದರೆ ಬಣ್ಣ ದ್ರವದಲ್ಲಿ ಪೂರ್ತಿ ಕರಗಿರುವಂಥದ್ದು. ಹೊಳಪು ಚೆನ್ನಾಗಿರುತ್ತದೆ, ಆದರೆ ಬಿಸಿಲಿಗೆ ಮಾಸುತ್ತದೆ. ಎಷ್ಟು ಮಾಸುತ್ತದೆ ಅಂತ ನೋಡಲು ಪುಷ್ಕರಣಿಯ ಒಂದು ಪ್ರಿಂಟನ್ನು ಎರಡು ತುಂಡು ಮಾಡಿ, ಒಂದನ್ನು ಬಿಸಿಲು ಬೀಳುವ ಕಿಟಕಿ ಗಾಜಿಗೆ ಅಂಟಿಸಿದೆ, ಇನ್ನೊಂದನ್ನು ಟ್ರಂಕಿನಲ್ಲಿಟ್ಟೆ. ನಾಲ್ಕು ತಿಂಗಳಾದ ಮೇಲೆ ಪಕ್ಕದಲ್ಲಿಟ್ಟು ನೋಡಿದರೆ ಕಿಟಕಿಯದ್ದರಲ್ಲಿ ಸಂಜೆಯ ಕಿತ್ತಳೆ ತೆಳುವಾಗಿತ್ತು. ಹಾಗಾಗಿ ಫ್ರೇಮ್ ಹಾಕುವ ಫೋಟೋವನ್ನು ಒಂದು ದಿನ ಪೂರ್ತಿ ಆರಲು ಬಿಟ್ಟು, ಗಾಜಿಗೆ ಅಂಟದಂತೆ ನಡುವೆ ರಟ್ಟಿನ ಅಂಚು ಕೊಟ್ಟು, ಬಿಸಿಲು ಬೀಳದ ಗೋಡೆಗೆ ಹಾಕುತ್ತೇನೆ.

ಅವ್ವನ ಫೋಟೋ ಎ4 ಸೈಜಿನಲ್ಲಿ ಮತ್ತೆ ತೆಗೆದು ಯುಗಾದಿಗೆ ಊರಿಗೆ ಒಯ್ದೆ. ಹಳೆ ಫ್ರೇಮನ್ನೇ ಬಿಚ್ಚಿ ಹಾಕಿದೆ. ಅವ್ವ ಫೋಟೋ ನೋಡಿದಳು, ಆಮೇಲೆ ತನ್ನ ಕೈ ಪಕ್ಕಕ್ಕಿಟ್ಟು ಬಣ್ಣ ನೋಡಿದಳು. "ಹೂವು ಎಷ್ಟು ಚೆಂದ ಬಂದಾವಲ್ಲೋ" ಅಂದಳು. ತನ್ನ ಮುಖದ ಬಗ್ಗೆ ಏನೂ ಹೇಳಲಿಲ್ಲ. ಫ್ರೇಮನ್ನು ಎಲ್ಲಿ ಹಾಕಬೇಕು ಅಂತ ಮಾತ್ರ ತಾನೇ ತೋರಿಸಿದಳು, ಅಡುಗೆಮನೆ ಬಾಗಿಲಿನ ಎದುರು ಗೋಡೆ.