ಓದುಗರು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾರೆ: ವೆಬ್‌ಸೈಟಿಗೆ ತಿಳಿಗನ್ನಡ ಬರೆಯುವುದು ಹೇಗೆ?

ಗೊಬ್ಬರ ಬಂತೇ ಎಂದು ಸಂಘದ ವೆಬ್‌ಸೈಟ್ ತೆರೆಯುವ ಬೆಳೆಗಾರ, ಮಕ್ಕಳಿಗೆ ಬೇರೆ ದರ ಇದೆಯೇ ಎಂದು ಹೋಂಸ್ಟೇ ಪುಟ ನೋಡುವ ಪ್ರವಾಸಿ, ನಾಳೆ ಶಾಲೆಗೆ ಮಳೆ ರಜೆಯೋ ಎಂದು ಹುಡುಕುವ ತಾಯಿ. ಇವರಾರೂ ಓದಲು ಬಂದವರಲ್ಲ. ಒಂದು ಉತ್ತರ ಬೇಕು, ಸಿಕ್ಕರೆ ಹೊರಟರು. ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ನಿಂತವರು ನಿಮ್ಮ ಓದುಗರು ಎಂದುಕೊಂಡು ಬರೆಯಿರಿ. ಅರ್ಧ ತಪ್ಪುಗಳು ತಾವಾಗಿ ಕಡಿಮೆಯಾಗುತ್ತವೆ.

ಇದು ಮೊಬೈಲ್ ಬಂದ ಮೇಲಿನ ಚಾಳಿ ಅಲ್ಲ. 1997ರಲ್ಲೇ ಅಮೆರಿಕದಲ್ಲಿ ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ ನಡೆಸಿದ ಪರೀಕ್ಷೆಯಲ್ಲಿ ಶೇ 79 ಮಂದಿ ಹೊಸ ಪುಟವನ್ನು ಕಣ್ಣಾಡಿಸಿ ನೋಡಿದ್ದರು. ಪದ ಪದ ಬಿಡದೆ ಓದಿದವರು ಶೇ 16 ಮಾತ್ರ. ಅವರೆಲ್ಲ ಕುರ್ಚಿಯಲ್ಲಿ ಕುಳಿತು, ದೊಡ್ಡ ಪರದೆ ನೋಡುತ್ತಿದ್ದವರು.

ಮೊದಲು ಪ್ರಶ್ನೆ, ಆಮೇಲೆ ಪುಟ

ಬರೆಯುವ ಮೊದಲು ಒಂದು ವಾರ ನಿಮ್ಮ ಫೋನಿಗೆ, ವಾಟ್ಸಾಪಿಗೆ ಬರುವ ಪ್ರಶ್ನೆಗಳನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಜನ ಕೇಳಿದ ಮಾತಿನಲ್ಲೇ ಬರೆದುಕೊಳ್ಳಬೇಕು. ‘ವಾಸ್ತವ್ಯ ಶುಲ್ಕದ ವಿವರ’ ಎಂದು ಯಾರೂ ಕೇಳುವುದಿಲ್ಲ. ‘ಒಬ್ಬರಿಗೆ ಎಷ್ಟು? ಊಟ ಸೇರಿಯಾ?’ ಎಂದು ಕೇಳುತ್ತಾರೆ. ಹೆಚ್ಚು ಸಲ ಬಂದ ಐದಾರು ಪ್ರಶ್ನೆಗಳೇ ನಿಮ್ಮ ಉಪಶೀರ್ಷಿಕೆಗಳು. ಸಂಸ್ಥೆಯ ಇತಿಹಾಸ, ಅಧ್ಯಕ್ಷರ ಸಂದೇಶ, ಉದ್ಘಾಟನೆಯ ಫೋಟೊ ಇವಕ್ಕೆ ಬೇರೆ ಪುಟ ಇರಲಿ. ಯಾರಿಗೂ ಬೇಸರ ಮಾಡಬೇಕಿಲ್ಲ, ಮೊದಲ ಪುಟದಲ್ಲಿ ಇಡಬೇಡಿ ಅಷ್ಟೆ.

ಉತ್ತರ ಮೊದಲ ಸಾಲಿನಲ್ಲಿ

ನಮ್ಮ ಸೂಚನಾಪತ್ರಗಳ ರೂಢಿ ಹೇಗಿರುತ್ತದೆ ನೋಡಿ. ಉದಾಹರಣೆಗೆಂದು ಕಟ್ಟಿದ ಸೂಚನೆ ಇದು, ಆದರೆ ಓದಿದರೆ ಎಲ್ಲೋ ಕಂಡಂತೆ ಅನ್ನಿಸದಿರದು:

‘ಸಂಘದ ಎಲ್ಲಾ ಸದಸ್ಯ ಬೆಳೆಗಾರರ ಗಮನಕ್ಕೆ ತರಬಯಸುವುದೇನೆಂದರೆ, ಮುಂಬರುವ ಹಂಗಾಮಿನಲ್ಲಿ ತೋಟಗಳಿಗೆ ಗೊಬ್ಬರ ಹಾಕುವ ಮುನ್ನ ಮಣ್ಣಿನ ಗುಣಮಟ್ಟ ಅರಿಯುವುದು ಅತ್ಯವಶ್ಯಕವಾಗಿರುವ ಪ್ರಯುಕ್ತ ಸಂಘದ ವತಿಯಿಂದ ಏರ್ಪಡಿಸಲಾಗಿರುವ ಮಣ್ಣು ಪರೀಕ್ಷಾ ಶಿಬಿರಕ್ಕೆ ಸದರಿ ಮಾಹೆಯ 14ನೇ ತಾರೀಖಿನೊಳಗೆ ಮಾದರಿಗಳನ್ನು ಸಲ್ಲಿಸತಕ್ಕದ್ದು.’

ಇಪ್ಪತ್ತೊಂಬತ್ತು ಪದ, ಒಂದೇ ವಾಕ್ಯ. ತಾರೀಖು 26ನೆಯ ಪದ, ಮಾಡಬೇಕಾದ ಕೆಲಸ 29ನೆಯದು. ಇಷ್ಟು ಓದಿದ ಮೇಲೂ ಮಣ್ಣನ್ನು ಎಲ್ಲಿಗೆ ತರಬೇಕು, ಎಷ್ಟು ತರಬೇಕು ಎಂಬುದು ಗೊತ್ತಾಗಲಿಲ್ಲ. ‘ಸದರಿ ಮಾಹೆ’ ಯಾವುದು? ಏಪ್ರಿಲ್‌ನಲ್ಲಿ ಪುಟ ತೆರೆದವರಿಗೆ ಅದು ಏಪ್ರಿಲ್. ಈಗ ತಿದ್ದಿದ ರೂಪ:

‘ಮಣ್ಣಿನ ಮಾದರಿಯನ್ನು 2026ರ ಮಾರ್ಚ್ 14, ಶನಿವಾರ ಸಂಜೆ 4 ಗಂಟೆಯೊಳಗೆ ಸಂಘದ ಕಚೇರಿಗೆ ತಂದುಕೊಡಿ. ಅರ್ಧ ಕೆ.ಜಿ. ಸಾಕು. ಒದ್ದೆ ಮಣ್ಣು ಬೇಡ, ನೆರಳಿನಲ್ಲಿ ಒಣಗಿಸಿ ತನ್ನಿ. ಚೀಟಿಯಲ್ಲಿ ಹೆಸರು, ಊರು, ಫೋನ್ ನಂಬರ್ ಬರೆದು ಚೀಲಕ್ಕೆ ಕಟ್ಟಿ.’

ಮಣ್ಣು ಪರೀಕ್ಷೆ ಏಕೆ ಬೇಕು ಎಂದು ಹೇಳಲೇಬೇಕಿದ್ದರೆ ಇದರ ಕೆಳಗೆ ಹೇಳಿ. ಮೊದಲ ಸಾಲಿಗೆ ಇನ್ನೊಂದು ಕೆಲಸವೂ ಇದೆ. ಕೊಂಡಿಯನ್ನು ವಾಟ್ಸಾಪಿನಲ್ಲಿ ಹಂಚಿದಾಗ ಸಾಮಾನ್ಯವಾಗಿ ಕಾಣುವುದು ಶೀರ್ಷಿಕೆ ಮತ್ತು ಒಂದೆರಡು ಸಾಲಿನ ವಿವರ. ಅಲ್ಲಿ ‘ಗಮನಕ್ಕೆ ತರಬಯಸುವುದೇನೆಂದರೆ’ ಎಂದಿದ್ದರೆ ಗುಂಪಿನಲ್ಲಿ ಅದನ್ನು ಒತ್ತುವವರು ಯಾರು?

ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲೇ ತೊಡಕು

ಇಂಗ್ಲಿಷಿನಲ್ಲಿ ‘ವಾಕ್ಯ 25 ಪದ ಮೀರಬಾರದು’ ಎಂಬ ನಿಯಮ ಬ್ರಿಟನ್ ಸರ್ಕಾರದ ವೆಬ್‌ಸೈಟ್ ಬರೆಯುವವರಿಗಿದೆ. ಅದನ್ನು ಹಾಗೇ ಕನ್ನಡಕ್ಕೆ ತರುವಂತಿಲ್ಲ. ‘ಬರಲಾಗದಿದ್ದರೆ’ ಎಂಬ ನಮ್ಮ ಒಂದು ಪದ ಇಂಗ್ಲಿಷಿನ ನಾಲ್ಕೈದು ಪದಗಳ ಭಾರ ಹೊರುತ್ತದೆ. ಮೇಲಾಗಿ ಕನ್ನಡದಲ್ಲಿ ಏನಾಯಿತು, ಏನು ಮಾಡಬೇಕು ಎಂಬುದು ವಾಕ್ಯದ ತುದಿಯಲ್ಲಿ ಬರುತ್ತದೆ. ಅಲ್ಲಿವರೆಗೂ ಓದುಗರು ಎಲ್ಲವನ್ನೂ ತಲೆಯಲ್ಲಿ ಹೊತ್ತಿರಬೇಕು. ಆದ್ದರಿಂದ ಕನ್ನಡಕ್ಕೆ 12ರಿಂದ 15 ಪದದ ಮಿತಿ ಸರಿಹೊಂದುತ್ತದೆ.

ಪದ ಎಣಿಸುವುದಕ್ಕಿಂತ ಸುಲಭದ ಪರೀಕ್ಷೆಯೂ ಇದೆ. ಒಂದು ವಾಕ್ಯದಲ್ಲಿ ‘ಇರುವ, ಆಗಿರುವ, ಮಾಡಿದ, ಬರುವ’ ಎಂಬಂಥ ರೂಪಗಳು ಎರಡಕ್ಕಿಂತ ಹೆಚ್ಚು ಇದ್ದರೆ ಅಲ್ಲಿ ಕತ್ತರಿ ಹಾಕಿ. ‘ಕುಶಾಲನಗರದಿಂದ ಬರುವ, ಮುಂಗಡ ಪಾವತಿಸಿರುವ, ಸ್ವಂತ ವಾಹನ ಇಲ್ಲದ ಅತಿಥಿಗಳಿಗೆ’ ಎಂದು ಶುರುವಾದ ವಾಕ್ಯ ಯಾವತ್ತೂ ಚೆನ್ನಾಗಿ ಮುಗಿಯದು. ‘ನಿಮಗೆ ಸ್ವಂತ ವಾಹನ ಇಲ್ಲವೇ? ಮುಂಗಡ ಕಟ್ಟಿದ್ದರೆ ಕುಶಾಲನಗರಕ್ಕೆ ಜೀಪ್ ಕಳಿಸುತ್ತೇವೆ’ ಎಂದರೆ ಮುಗಿಯಿತು.

ಇನ್ನೊಂದು ಕಳ್ಳ ‘-ಲಾಗುವುದು’. ‘ಹಣ ಹಿಂದಿರುಗಿಸಲಾಗುವುದು’ ಎಂದಾಗ ಯಾರು, ಯಾವಾಗ ಎಂಬ ಎರಡೂ ತಪ್ಪಿಸಿಕೊಂಡವು. ‘ನಿಮ್ಮ ಮುಂಗಡವನ್ನು 7 ದಿನದಲ್ಲಿ ವಾಪಸ್ ಕೊಡುತ್ತೇವೆ’ ಎಂದು ಬರೆಯಲು ಹೊರಟರೆ, ಏಳು ದಿನವೋ ಹದಿನೈದೋ ಎಂದು ಮೊದಲು ತೀರ್ಮಾನಿಸಬೇಕಾಗುತ್ತದೆ. ಬರಹ ಮಸುಕಾಗಿರುವ ಕಡೆ ಬಹಳ ಸಲ ತೀರ್ಮಾನವೇ ಆಗಿರುವುದಿಲ್ಲ.

ಯಾರ ಕನ್ನಡ?

ಕೊಡಗಿನಲ್ಲಿ ಈ ಪ್ರಶ್ನೆಗೆ ಹೆಚ್ಚು ತೂಕ. ಇಲ್ಲಿ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಯರವ ಮಾತಾಡುವವರು ಬಹಳ. ಅವರಿಗೆ ಕನ್ನಡ ಶಾಲೆಯಲ್ಲಿ, ಪೇಟೆಯಲ್ಲಿ, ಕಚೇರಿಯಲ್ಲಿ ಸಿಕ್ಕಿದ ಭಾಷೆ. ಮಾತು ಚೆನ್ನಾಗಿ ಅರ್ಥವಾಗುತ್ತದೆ, ಆದರೆ ‘ವಿದ್ಯುತ್ ಸರಬರಾಜಿನಲ್ಲಿ ವ್ಯತ್ಯಯ’ ಎಂದರೆ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ‘ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಕರೆಂಟ್ ಇರುವುದಿಲ್ಲ’ ಎಂದರೆ ನಿಲ್ಲಬೇಕಿಲ್ಲ. ಪಾವತಿಸಿ ಅನ್ನುವಲ್ಲಿ ಹಣ ಕಟ್ಟಿ, ದೂರವಾಣಿ ಸಂಖ್ಯೆ ಅನ್ನುವಲ್ಲಿ ಫೋನ್ ನಂಬರ್, ಭೇಟಿ ನೀಡಿ ಅನ್ನುವಲ್ಲಿ ಬನ್ನಿ.

ಹಾಗೆಂದು ‘ಬುಕಿಂಗ್ ಕನ್ಫರ್ಮ್ ಆದಮೇಲೆ ಕ್ಯಾನ್ಸಲೇಶನ್ ಪಾಲಿಸಿ ಅಪ್ಲೈ ಆಗುತ್ತೆ’ ಎಂಬುದು ತಿಳಿಗನ್ನಡ ಅಲ್ಲ, ಅದು ಅನುವಾದ ಮಾಡಲು ಸೋಮಾರಿತನ. ಫೋನಿನಲ್ಲಿ ಅಪರಿಚಿತರೊಬ್ಬರಿಗೆ ಹೇಗೆ ಹೇಳುತ್ತೀರೋ ಹಾಗೆ ಬರೆಯಿರಿ.

ಕಸುಬಿನ ಪದಗಳ ಮಾತು ಬೇರೆ. ಕಾಫಿ ಬೆಳೆಗಾರರ ಪುಟದಲ್ಲಿ ಪಾರ್ಚ್‌ಮೆಂಟ್, ಚೆರಿ, ಪಲ್ಪರ್ (ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ), ಕಣ, ಔಟ್‌ಟರ್ನ್ (ಒಣಗಿದ ಕಾಫಿಯಿಂದ ಸಿಗುವ ಬೀಜದ ಪ್ರಮಾಣ) ಎಂದೇ ಇರಲಿ. ಅವಕ್ಕೆ ಹೊಸ ಕನ್ನಡ ಹೊಸೆದರೆ ತೋಟದವರಿಗೇ ಅರ್ಥವಾಗದು. ಅದೇ ಪದ ಪ್ರವಾಸಿಗಳ ಪುಟಕ್ಕೆ ಬಂದಾಗ ಅಲ್ಲಲ್ಲೇ ಬಿಡಿಸಿ ಹೇಳಿ: ‘ಕಾಫಿ ಹಣ್ಣನ್ನು ಸಿಪ್ಪೆಸಮೇತ ಒಣಗಿಸಿದರೆ ಚೆರಿ, ಸಿಪ್ಪೆ ತೆಗೆದು ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್.’

ಊರ ಹೆಸರಿಗೂ ಒಂದು ನಿರ್ಧಾರ ಬೇಕು. ವಿರಾಜಪೇಟೆ, ವೀರಾಜಪೇಟೆ, ಗೋಣಿಕೊಪ್ಪ, ಗೋಣಿಕೊಪ್ಪಲು. ಒಂದು ರೂಪ ಆರಿಸಿ ಎಲ್ಲ ಕಡೆ ಅದನ್ನೇ ಬಳಸಿ, ಇನ್ನೊಂದನ್ನು ಪುಟದಲ್ಲಿ ಒಮ್ಮೆ ತನ್ನಿ. ಹುಡುಕುವವರು ಯಾವುದನ್ನು ಟೈಪ್ ಮಾಡಿದರೂ ಸಿಗಲಿ. ‘ಕೂರ್ಗ್’ ಕೂಡ ಒಮ್ಮೆ ಬರಲಿ, ಬೆಂಗಳೂರಿನಿಂದ ಹುಡುಕುವವರಲ್ಲಿ ಅನೇಕರು ಅದನ್ನೇ ಬರೆಯುತ್ತಾರೆ.

ಅಂಕಿ ಬರೆದರೆ ಸಾಲದು, ಅಳತೆ ಹೇಳಿ

‘ರೋಬಸ್ಟಾ ಚೆರಿ ದರ’ ಎಂದು ಬರೀ ಅಂಕಿ ಹಾಕಿದರೆ ಅದು 50 ಕೆ.ಜಿ. ಚೀಲಕ್ಕೋ, ಕೆ.ಜಿ.ಗೋ, ಔಟ್‌ಟರ್ನ್ ಲೆಕ್ಕಕ್ಕೋ? ಮಾರುವವರಿಗೆ ಇದು ಸಣ್ಣ ವಿಷಯವಲ್ಲ. ಮಳೆಯ ಗೊಂದಲ ಇನ್ನೂ ಹಳೆಯದು. ತೋಟದವರು ಇಂಚಿನಲ್ಲಿ ಹೇಳುತ್ತಾರೆ, ಸರ್ಕಾರಿ ವರದಿ ಮಿಲಿಮೀಟರಿನಲ್ಲಿ ಬರುತ್ತದೆ. ಒಂದು ಇಂಚು ಎಂದರೆ 25.4 ಮಿ.ಮೀ. ‘ನಿನ್ನೆ 4 ಇಂಚು, ಅಂದರೆ ಸುಮಾರು 100 ಮಿ.ಮೀ.’ ಎಂದು ಎರಡನ್ನೂ ಕೊಡಿ. ಹಾರಂಗಿ ಜಲಾಶಯದ ಮಟ್ಟ 2,855 ಅಡಿ ಎಂದರೆ ಹೊಸಬರಿಗೆ ಏನೂ ತಿಳಿಯದು. ಗರಿಷ್ಠ ಮಟ್ಟ 2,859 ಅಡಿ ಎಂದು ಪಕ್ಕದಲ್ಲಿ ಬರೆದ ಕೂಡಲೇ ‘ಇನ್ನು ನಾಲ್ಕೇ ಅಡಿ’ ಎಂಬುದು ಕಾಣುತ್ತದೆ. ದಾರಿಯ ವಿಷಯದಲ್ಲಿ ಕಿಲೊಮೀಟರ್ ಜೊತೆ ಸಮಯವೂ ಬೇಕು. ಭಾಗಮಂಡಲದಿಂದ ತಲಕಾವೇರಿಗೆ ಎಂಟೇ ಕಿ.ಮೀ. ಎಂದು ಓದಿದ ಬಯಲುಸೀಮೆಯ ಚಾಲಕರು ಮಂಜು, ತಿರುವುಗಳ ಲೆಕ್ಕ ಹಾಕಿರುವುದಿಲ್ಲ.

ನಾಳೆ, ಮುಂದಿನ ವಾರ, ಇತ್ತೀಚೆಗೆ ಎಂಬ ಪದಗಳು ವೆಬ್‌ನಲ್ಲಿ ಬೇಗ ಹಳಸುತ್ತವೆ. ಕಾವೇರಿ ತೀರ್ಥೋದ್ಭವದ ಸಮಯ ವರ್ಷ ವರ್ಷ ಬದಲಾಗುತ್ತದೆ, ಕೆಲವು ಸಲ ನಡುರಾತ್ರಿ, ಕೆಲವು ಸಲ ಹಗಲು. ‘ಈ ಬಾರಿಯ ತೀರ್ಥೋದ್ಭವ’ ಎಂಬ ಶೀರ್ಷಿಕೆಯ ಹಳೆಯ ಪುಟ ಮುಂದಿನ ವರ್ಷವೂ ಹುಡುಕಾಟದಲ್ಲಿ ಮೇಲೆ ಬಂದರೆ ಜನ ತಪ್ಪು ಹೊತ್ತಿಗೆ ಬೆಟ್ಟ ಹತ್ತುತ್ತಾರೆ. ಇಸವಿ ಶೀರ್ಷಿಕೆಯಲ್ಲೇ ಇರಲಿ.

ಮಾಡುವ ವಿಧಾನ ಬರೆಯುವಾಗ

ಒಂದು ಅಂಕಿಗೆ ಒಂದೇ ಕೆಲಸ. ಎಚ್ಚರಿಕೆ ಕೆಲಸಕ್ಕೆ ಮೊದಲು, ಇಲ್ಲವೇ ಅದರ ಜೊತೆಗೇ ಬರಬೇಕು. ಕೊನೆಯಲ್ಲಿ ‘ವಿಶೇಷ ಸೂಚನೆ’ ಎಂದು ಹಾಕಿದರೆ ಅಷ್ಟು ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಗಿಡಗಳ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣ 100 ಲೀಟರ್ ತಯಾರಿಸುವುದನ್ನು ಹೀಗೆ ಬರೆಯಬಹುದು:

1. ಎರಡು ಪ್ಲಾಸ್ಟಿಕ್ ಡ್ರಮ್ ಇಟ್ಟುಕೊಳ್ಳಿ. ಒಂದು 100 ಲೀಟರ್‌ಗಿಂತ ದೊಡ್ಡದಿರಲಿ. ಕಬ್ಬಿಣದ ಪಾತ್ರೆ ಬೇಡ, ಮೈಲುತುತ್ತ (ಕಾಪರ್ ಸಲ್ಫೇಟ್) ಅದನ್ನು ತಿನ್ನುತ್ತದೆ.
2. ಸಣ್ಣ ಡ್ರಮ್ಮಿನಲ್ಲಿ 1 ಕೆ.ಜಿ. ಮೈಲುತುತ್ತವನ್ನು 50 ಲೀಟರ್ ನೀರಿಗೆ ಕರಗಿಸಿ.
3. ದೊಡ್ಡ ಡ್ರಮ್ಮಿನಲ್ಲಿ 1 ಕೆ.ಜಿ. ಸುಣ್ಣವನ್ನು 50 ಲೀಟರ್ ನೀರಿಗೆ ಕಲಸಿ, ಸೋಸಿ.
4. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಿ. ತಿರುವುಮುರುವು ಮಾಡಬೇಡಿ.
5. ಉಜ್ಜಿದ ಚಾಕುವನ್ನು ಅದ್ದಿ ನೋಡಿ. ಅದಕ್ಕೆ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೆರೆಸಿ, ಮತ್ತೆ ಅದ್ದಿ ನೋಡಿ.
6. ಅದೇ ದಿನ ಸಿಂಪಡಿಸಿ ಮುಗಿಸಿ.

ನಾಲ್ಕನೆಯ ಹೆಜ್ಜೆಯಲ್ಲಿ ‘ಎರಡನ್ನೂ ಬೆರೆಸಿ’ ಎಂದಷ್ಟೇ ಬರೆದಿದ್ದರೆ ವಾಕ್ಯ ಚಿಕ್ಕದಾಗುತ್ತಿತ್ತು, ದ್ರಾವಣ ಕೆಡುತ್ತಿತ್ತು. ಚಿಕ್ಕದು ಮಾಡುವಾಗ ಯಾವುದನ್ನು ಬಿಡಬಾರದು ಎಂದು ಕೆಲಸ ಗೊತ್ತಿದ್ದವರೇ ಹೇಳಬೇಕು. ಅದಕ್ಕೇ ಬರೆದದ್ದನ್ನು ಒಮ್ಮೆ ಸಿಂಪಡಣೆ ಮಾಡುವವರಿಗೆ ಓದಿ ಹೇಳಿ.

ಅಕ್ಷರದ ಕೆಲಸ

‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನೇರ ವೆಬ್‌ಸೈಟಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಮೊದಲು ಎಲ್ಲ ಫೋನು, ಕಂಪ್ಯೂಟರುಗಳಿಗೂ ತಿಳಿಯುವ ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಕಣ್ಣಿಟ್ಟು ಓದಿ. ಅರ್ಕಾವತ್ತು, ಒತ್ತಕ್ಷರಗಳು ಪರಿವರ್ತನೆಯಲ್ಲಿ ಎಡವುವುದುಂಟು. ‘ಪಾರ್ಚ್‌ಮೆಂಟ್’ ಬರೆಯಲು ಹೋಗಿ ‘ಪಾರ್ಚ್ಮೆಂಟ್’ ಆಗಿದ್ದರೆ ‘ಚ್’ ಆದ ಮೇಲೆ ಒಂದು ಕಾಣದ ಚಿಹ್ನೆ ಬಿಟ್ಟುಹೋಗಿದೆ ಎಂದರ್ಥ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ.

ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಇಂಗ್ಲಿಷಿಗೆ ಒಪ್ಪುವ ಸಾಲಿನ ಅಂತರ ಇಲ್ಲಿ ಇಕ್ಕಟ್ಟು. ಅಕ್ಷರದ ಅಳತೆಯ 1.6ರಿಂದ 1.8 ಪಟ್ಟು ಇಡಿ, ಅಕ್ಷರ 17 ಪಿಕ್ಸೆಲ್‌ಗೆ ಕಡಿಮೆ ಬೇಡ. ಅಡಿಗೆರೆ ಎಳೆದರೆ ಒತ್ತಕ್ಷರ ಸೀಳಿಹೋಗುತ್ತದೆ, ಆದ್ದರಿಂದ ಕೊಂಡಿಗೆ ಮಾತ್ರ ಅಡಿಗೆರೆ, ಅದೂ ಸ್ವಲ್ಪ ಕೆಳಗೆ. ಎರಡೂ ಅಂಚು ಸಮ ಮಾಡುವ ಜೋಡಣೆ ಮೊಬೈಲಿಗೆ ಬೇಡವೇ ಬೇಡ. ನಮ್ಮ ಪದಗಳು ಉದ್ದ, ಸಾಲಿನ ನಡುವೆ ಹಲ್ಲು ಬಿದ್ದಂತೆ ಖಾಲಿ ಉಳಿಯುತ್ತದೆ. ಓರೆ ಅಕ್ಷರ ಕನ್ನಡದ್ದಲ್ಲ.

ಸೂಚನೆಯನ್ನು ಪೋಸ್ಟರ್ ಚಿತ್ರ ಮಾಡಿ ಹಾಕುವ ಅಭ್ಯಾಸ ಬಿಡಲು ಕಷ್ಟ. ಬಣ್ಣ ಚೆಂದ, ಹಂಚಲು ಸುಲಭ. ಆದರೆ ಕಣ್ಣು ಕಾಣದವರ ಫೋನಿನ ಓದುವ ತಂತ್ರಾಂಶಕ್ಕೆ ಅದರಲ್ಲಿನ ಮಾತು ಸಿಗದೆ ಹೋಗಬಹುದು, ಫೋನ್ ನಂಬರ್ ಒತ್ತಿ ಕರೆ ಮಾಡಲಾಗದು, ಮಳೆಗಾಲದಲ್ಲಿ ಒಂದು ಕಡ್ಡಿ ಸಿಗ್ನಲ್ ಇರುವ ಊರಿನಲ್ಲಿ ತೆರೆಯುವುದೇ ಇಲ್ಲ. ಪೋಸ್ಟರ್ ಬೇಕೇ ಬೇಕಿದ್ದರೆ ಅದರ ಮಾತನ್ನೆಲ್ಲ ಪುಟದಲ್ಲಿ ಅಕ್ಷರವಾಗಿಯೂ ಬರೆಯಿರಿ. ‘ಇಲ್ಲಿ ಕ್ಲಿಕ್ ಮಾಡಿ’ ಎಂಬ ಕೊಂಡಿಯೂ ಬೇಡ. ‘2026ರ ದರಪಟ್ಟಿ ನೋಡಿ’ ಎಂದರೆ ಒತ್ತುವ ಮೊದಲೇ ಏನು ಸಿಗುತ್ತದೆಂದು ಗೊತ್ತಾಗುತ್ತದೆ.

ಪ್ರಕಟಿಸುವ ಮುನ್ನ

ಮೊದಲು ಗಟ್ಟಿಯಾಗಿ ಓದಿ. ಉಸಿರು ಕಟ್ಟಿದ ಕಡೆ ವಾಕ್ಯ ಮುರಿಯಿರಿ. ಬಳಿಕ ಮೂವರ ಕೈಗೆ ಫೋನ್ ಕೊಡಿ. ಒಬ್ಬರಾದರೂ ಕನ್ನಡ ಮನೆಮಾತಲ್ಲದವರು, ಒಬ್ಬರಾದರೂ ಅರವತ್ತು ದಾಟಿದವರು ಇರಲಿ. ‘ಹೇಗಿದೆ?’ ಎಂದು ಕೇಳಬೇಡಿ, ಮರ್ಯಾದೆಗೆ ಚೆನ್ನಾಗಿದೆ ಅನ್ನುತ್ತಾರೆ. ‘ಭಾನುವಾರ ತೆರೆದಿರುತ್ತದಾ, ನೋಡಿ ಹೇಳಿ’ ಎಂದು ಕೆಲಸ ಕೊಟ್ಟು ಸುಮ್ಮನೆ ನೋಡುತ್ತಿರಿ. ಇಪ್ಪತ್ತು ಸೆಕೆಂಡಿನಲ್ಲಿ ಸಿಗದಿದ್ದರೆ ತಪ್ಪು ಪುಟದ್ದು. ಬೆರಳು ಎಲ್ಲಿ ನಿಂತಿತು, ಯಾವ ಸಾಲನ್ನು ಎರಡು ಸಲ ಓದಿದರು ಎಂದು ಗುರುತು ಮಾಡಿಕೊಂಡು ಅಲ್ಲಿ ಮಾತ್ರ ತಿದ್ದಿ.

ಪುಟದ ಮೇಲ್ಭಾಗದಲ್ಲಿ ‘ತಿದ್ದಿದ್ದು’ ಎಂದು ತಾರೀಖು ಹಾಕಿ, ಮುಂದಿನ ಸಲ ಯಾವಾಗ, ಯಾರು ನೋಡಬೇಕು ಎಂಬುದನ್ನು ಕಚೇರಿಯ ಕ್ಯಾಲೆಂಡರಿನಲ್ಲಿ ಬರೆದಿಡಿ. ದರಪಟ್ಟಿಗೆ ತಿಂಗಳಿಗೊಮ್ಮೆ, ದಾರಿಯ ವಿವರಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೊಮ್ಮೆ. ಅವಧಿ ಮುಗಿದ ಸೂಚನೆಯನ್ನು ಅಳಿಸಲು ಮನಸ್ಸಿಲ್ಲದಿದ್ದರೆ ಮೊದಲ ಸಾಲಿನಲ್ಲೇ ‘ಇದು ಮುಗಿದಿದೆ’ ಎಂದು ಬರೆದು, ಹೊಸದರ ಕೊಂಡಿ ಕೊಡಿ.