ಮಂಡಳಿಯಲ್ಲಿ ಮಹಿಳೆಯರು, ಕಾರ್ಖಾನೆಯಲ್ಲಿ ನೀರು: ಹೋಲಿಸುವುದು ಹೇಗೆ?

ಕಂಪನಿಯ ಆಡಳಿತ ಮಂಡಳಿಯಲ್ಲಿ ಮಹಿಳೆಯರು ಜಾಸ್ತಿ ಇದ್ದರೆ ಪರಿಸರದ ಕೆಲಸ ಚೆನ್ನಾಗಿ ನಡೆಯುತ್ತದಾ? ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಎಂ.ಕಾಂ., ಎಂಬಿಎ ಮಕ್ಕಳಿಗೆ ಇದು ಇಷ್ಟದ ಪ್ರಾಜೆಕ್ಟ್. ಆದರೆ ಸಾಫ್ಟ್‌ವೇರ್ ಕಂಪನಿಯನ್ನೂ ಸಿಮೆಂಟ್ ಕಂಪನಿಯನ್ನೂ ಪಕ್ಕಪಕ್ಕ ಇಟ್ಟು ಗ್ರಾಫ್ ಎಳೆದು ಕೊಟ್ಟುಬಿಡುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ.

ಮೊದಲು, ಒಂದೇ ಕಸುಬಿನ ಕಂಪನಿಗಳನ್ನು ಆರಿಸಿ. ನಮ್ಮ ಮೈಸೂರಿನಲ್ಲಿ ಕಾರ್ಖಾನೆ ಇರುವ ಜೆಕೆ ಟೈರ್ ತಗೊಂಡರೆ, ಜೊತೆಗೆ ಎಂಆರ್‌ಎಫ್, ಸಿಯಟ್, ಅಪೊಲೊ ಇಡಿ.

ವಾರ್ಷಿಕ ವರದಿ ಇಳಿಸಿಕೊಳ್ಳಿ. ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಮೊದಲ 1000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಎಂಬ ವರದಿ (ಕಂಪನಿಯ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ) ಕೊಡಲೇಬೇಕು. ಸಸಿ ನೆಡುವ ಫೋಟೋಗಳನ್ನು ದಾಟಿ ನೇರ ಅಲ್ಲಿಗೆ ಹೋಗಿ.

ಈಗ ಮಹಿಳೆಯರ ಲೆಕ್ಕ. 2013ರ ಕಂಪನಿ ಕಾಯ್ದೆಯ ಪ್ರಕಾರ ಷೇರುಪೇಟೆಯಲ್ಲಿರುವ (ಲಿಸ್ಟೆಡ್) ಪ್ರತಿ ಕಂಪನಿಯಲ್ಲೂ ಒಬ್ಬರಾದರೂ ಮಹಿಳಾ ನಿರ್ದೇಶಕರು ಇರಲೇಬೇಕು. ಹಾಗಾಗಿ ‘ಒಬ್ಬರಿದ್ದಾರೆ’ ಅನ್ನುವುದು ಸುದ್ದಿಯೇ ಅಲ್ಲ. ಎರಡನೆಯವರು, ಮೂರನೆಯವರು ಇದ್ದಾರಾ ನೋಡಿ. ಅವರು ಮಾಲೀಕರ ಮನೆಯವರಾ, ಮಾಲೀಕರ ನಂಟಿಲ್ಲದ ಸ್ವತಂತ್ರ ನಿರ್ದೇಶಕರಾ? ಯಾವ ಸಮಿತಿಯಲ್ಲಿದ್ದಾರೆ, ಎಷ್ಟು ಸಭೆಗೆ ಬಂದಿದ್ದಾರೆ? ಆರ್ಥಿಕ ವರ್ಷ ಮುಗಿಯುವ ಮಾರ್ಚ್‌ನಲ್ಲಿ ಮಂಡಳಿಗೆ ಬಂದವರಿಗೆ ಆ ವರ್ಷದ ನೀರು ಉಳಿತಾಯದ ಶ್ರೇಯ ಕೊಡಬೇಡಿ. ಈ ವರ್ಷದ ಮಂಡಳಿಯನ್ನು ಮುಂದಿನ ವರ್ಷದ ಪರಿಸರ ಅಂಕಿಯ ಎದುರಿಗೆ ಇಡುವುದೇ ಸರಿ.

ಎಲ್ಲರೂ ಎಡವುವುದು ಪರಿಸರದ ಅಂಕಿಗಳಲ್ಲಿ. ಬಿಆರ್‌ಎಸ್‌ಆರ್‌ನ ಆರನೇ ತತ್ವದಲ್ಲಿ (ಅದು ಪರಿಸರದ ಭಾಗ) ವಿದ್ಯುತ್ತು, ನೀರು, ಹೊಗೆ, ಕಸ ಎಲ್ಲದರ ಲೆಕ್ಕ ಇದೆ. ಒಟ್ಟು ಮೊತ್ತ ಹೋಲಿಸಿದರೆ ದೊಡ್ಡ ಕಂಪನಿ ಸುಮ್ನೆ ಕೆಟ್ಟದಾಗಿ ಕಾಣುತ್ತದೆ. ಹಾಗಂತ ವಹಿವಾಟಿನ ರೂಪಾಯಿಗೆ ಎಷ್ಟು ಅಂತ ಭಾಗಿಸಿದರೂ ಮೋಸ ಹೋಗಬಹುದು. ಒಂದು ಕಂಪನಿ 10 ಲಕ್ಷ ಕಿಲೋಲೀಟರ್ ನೀರು ಬಳಸಿ 1,000 ಕೋಟಿ ವಹಿವಾಟು ಮಾಡಿತು ಅಂದುಕೊಳ್ಳಿ. ಕೋಟಿಗೆ 1,000 ಕಿಲೋಲೀಟರ್ ಆಯಿತು. ಮರುವರ್ಷ ಅಷ್ಟೇ ಮಾಲು, ಅಷ್ಟೇ ನೀರು, ಬೆಲೆ ಮಾತ್ರ ಶೇ 10 ಏರಿತು. ಲೆಕ್ಕ 909ಕ್ಕೆ ಇಳಿಯಿತು! ಒಂದು ಹನಿಯೂ ಉಳಿದಿಲ್ಲ, ಕಾಗದದಲ್ಲಿ ಮಾತ್ರ ಶೇ 9 ಉಳಿತಾಯ. ಆದ್ದರಿಂದ ಒಂದು ಟನ್ ಉತ್ಪಾದನೆಗೆ ಎಷ್ಟು ಅನ್ನುವ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಅಂಗಸಂಸ್ಥೆಗಳನ್ನು ಒಂದು ವರ್ಷ ಸೇರಿಸಿ, ಇನ್ನೊಂದು ವರ್ಷ ಬಿಟ್ಟಿದ್ದಾರಾ ಅಂತಲೂ ನೋಡಿ. ಅದು ವರದಿಯ ಶುರುವಿನಲ್ಲೇ ಇರುತ್ತದೆ. ಇನ್ನೊಂದು ಮಾತು, ಇವು ಇಡೀ ಕಂಪನಿಯ ಅಂಕಿಗಳು. ಇವನ್ನಿಟ್ಟುಕೊಂಡು ಮೈಸೂರಿನ ಒಂದು ಕಾರ್ಖಾನೆಯ ಬಗ್ಗೆ ತೀರ್ಪು ಕೊಡಬೇಡಿ.

ಮೊಬೈಲ್ ಆ್ಯಪ್‌ಗಳ ಇಎಸ್‌ಜಿ ಸ್ಕೋರ್ (ಪರಿಸರ, ಸಮಾಜ, ಆಡಳಿತ ಮೂರನ್ನೂ ಸೇರಿಸಿ ಕೊಡುವ ಅಂಕ) ಕಡೆ ತಲೆ ಹಾಕಬೇಡಿ. ಎಷ್ಟೋ ಸ್ಕೋರ್‌ಗಳಲ್ಲಿ ಮಂಡಳಿಯ ಮಹಿಳೆಯರ ಸಂಖ್ಯೆಗೂ ಅಂಕ ಸೇರಿರುತ್ತದೆ. ಮಹಿಳೆಯರು ಹೆಚ್ಚಿದಂತೆ ಸ್ಕೋರ್ ಹೆಚ್ಚಿತು ಅಂದರೆ ಆಶ್ಚರ್ಯ ಏನಿದೆ, ಅಲ್ವಾ?

ಕೊನೆಗೆ ತೀರ್ಮಾನ. ಮಂಡಳಿಯ ಮಹಿಳೆಯರ ಸಂಖ್ಯೆ, ಪರಿಸರದ ಒಳ್ಳೆಯ ಕೆಲಸ ಎರಡೂ ಜೊತೆಯಾಗಿ ಏರುತ್ತವೆ ಎಂದು ಹಲವು ಅಧ್ಯಯನಗಳು ಹೇಳಿವೆ, ನಿಜ. ಆದರೆ ದುಡ್ಡಿರುವ ದೊಡ್ಡ ಕಂಪನಿಗೆ ಎರಡನ್ನೂ ಮಾಡುವುದು ಸುಲಭ. ಮೊದಲೇ ಅಚ್ಚುಕಟ್ಟಾಗಿರುವ ಕಂಪನಿಯೇ ಮಹಿಳೆಯರನ್ನು ಕರೆದಿರಲೂಬಹುದು. ಹಾಗಾಗಿ ಕಂಪನಿಯ ಗಾತ್ರಕ್ಕೂ ಒಂದು ಕಾಲಂ ಹಾಕಿ. ಪ್ರತಿ ಅಂಕಿಯ ಪಕ್ಕ ವರದಿಯ ಪುಟ ಸಂಖ್ಯೆ ಬರೆದುಕೊಳ್ಳಿ, ವೈವಾದಲ್ಲಿ ಅದನ್ನು ಕೇಳಿಯೇ ಕೇಳುತ್ತಾರೆ.